ದೊಡ್ಡ ಲೆವೆಲ್ ಫುಟ್ಬಾಲ್ ಕೋಚ್ ಆಗೋಕೆ ಆಟಗಾರರ ಜೊತೆ ಪ್ರೀತಿಯಿಂದ, ಸಲುಗೆಯಿಂದ ಇರ್ಲೇಬೇಕಾ?

ಆಸ್ಟಿನ್‌ಟೌನ್_ಹುಡ್ಗ

ಎಲ್ರಿಗೂ ನಮಸ್ಕಾರ. ಇಲ್ಲಿ ಆಡಿರೋರು, ಕೋಚಿಂಗ್ ಮಾಡಿರೋರು ಸುಮಾರು ಜನ ಇದೀರ, ಅದಕ್ಕೇ ಕೇಳ್ತಿದೀನಿ.

ನಂದು ಕೋಚಿಂಗ್ ಡಿ ಲೈಸೆನ್ಸ್ ಆಗಿದೆ, ಬೆಳಿಗ್ಗೆ ಹೊತ್ತು ಆಸ್ಟಿನ್ ಟೌನ್ ಕಡೆ ಹುಡುಗರಿಗೆ ಹೇಳ್ಕೊಡ್ತೀನಿ, ಮುಂದೆ ಸಿ, ಬಿ ಅಂತ ಮಾಡ್ಕೊಂಡು ಸೀನಿಯರ್ ಟೀಮ್ ಕಡೆ ಹೋಗ್ಬೇಕು ಅಂತ ಮನಸ್ಸಲ್ಲಿದೆ. ವಿಷ್ಯ ಏನಂದ್ರೆ ನಾನು ಮಾತು ಕಮ್ಮಿ ಮನುಷ್ಯ, ಗೋಲ್ ಹೊಡ್ದಾಗ ಓಡ್ಹೋಗಿ ತಬ್ಕೊಳೋದು, ಹೆಗಲ ಮೇಲೆ ಕೈ ಹಾಕಿ ಮನೇಲೆಲ್ಲಾ ಹೆಂಗಿದಾರೆ ಅಂತ ಕೇಳೋದು ಇದೆಲ್ಲ ನಂಗೆ ತಾನಾಗೇ ಬರಲ್ಲ. ಮಕ್ಕಳ ಜೊತೆ ಆದ್ರೆ ಪ್ರಯತ್ನಪಟ್ಟು ಮಾಡ್ತೀನಿ, ಆ ವಯಸ್ಸಲ್ಲಿ ಗ್ರೌಂಡ್‌ಗೆ ಬರೋದೇ ಖುಷಿ ಆಗ್ಬೇಕು, ಅದ್ರಲ್ಲಿ ಎರಡು ಮಾತಿಲ್ಲ.

ನನ್ನ ಪ್ರಶ್ನೆ ಸಂಬಳ ತಗೊಂಡು ಆಡೋರ ಬಗ್ಗೆ. ಒಬ್ಬ ಫ್ರೆಂಡ್ ಹೇಳ್ತಾನೆ, ಈಗಿನ ಕಾಲದಲ್ಲಿ ಆಟಗಾರರನ್ನ ತಬ್ಕೊಳೋ ಜರ್ಮನಿ ಕೋಚ್ ಕ್ಲಾಪ್ ಥರ ಇಲ್ದಿದ್ರೆ ನಡ್ಯಲ್ಲ, ಡಾರ್ಟ್‌ಮಂಡ್‌ಗೆ 2011, 2012 ಎರಡು ವರ್ಷನೂ ಲೀಗ್ ಗೆಲ್ಸಿದ್ದು, ಲಿವರ್‌ಪೂಲ್‌ಗೆ 2020ರಲ್ಲಿ 30 ವರ್ಷ ಆದ್ಮೇಲೆ ಟೈಟಲ್ ತಂದಿದ್ದು ಎಲ್ಲಾ ಆ ಅಪ್ಪುಗೆಯಿಂದಾನೇ ಅಂತ. ಇನ್ನೊಬ್ಬ ಹೇಳ್ತಾನೆ ಅದೆಲ್ಲ ಸುಮ್ನೆ ಟೀವಿಗೆ, ಇಟಲಿ ಕೋಚ್ ಕಪೆಲ್ಲೊ ಯಾವತ್ತಾದ್ರೂ ಯಾರನ್ನಾದ್ರೂ ತಬ್ಕೊಂಡಿದ್ದು ನೋಡಿದೀಯಾ, ಮಿಲಾನ್, ರೋಮಾ, ರಿಯಲ್ ಮ್ಯಾಡ್ರಿಡ್ ಎಲ್ಲಾ ಕಡೆ ಲೀಗ್ ಗೆದ್ಕೊಂಡು ಬಂದ ಅಂತ. ನಂಗೆ ಇಬ್ರದ್ದೂ ಪೂರ್ತಿ ಸರಿ ಅನ್ನಿಸ್ತಿಲ್ಲ. ಸ್ವಭಾವ ಬದಲಾಯಿಸ್ಕೊಳೋಕೆ ಆಗಲ್ಲ ಅಂತಿದ್ರೆ ಈ ದಾರೀಲಿ ಮುಂದೆ ಹೋಗೋದೇ ಬೇಡ್ವಾ ಅನ್ನೋದು ನಿಜವಾದ ಪ್ರಶ್ನೆ.

ಕಂಠೀರವ_ಗ್ಯಾಲರಿ

ಮೊದ್ಲು ಒಂದು ಮಾತು, ಕೋಪ ಜಾಸ್ತಿ ಇರೋನು ಅಂದ್ರೆ ಪ್ರೀತಿ ಇಲ್ದೋನು ಅಂತ ಅಲ್ಲ, ಮಾತು ಕಮ್ಮಿ ಅಂದ್ರೂ ಹಂಗಲ್ಲ. ಫರ್ಗ್ಯುಸನ್‌ನೇ ತಗೊಳಿ. 1986ರಿಂದ 2013ರವರೆಗೆ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಮ್ಯಾನೇಜರ್ ಆಗಿ 13 ಲೀಗ್ ಟೈಟಲ್. ಎಲ್ರೂ ಹೇಳೋದು ಹೇರ್‌ಡ್ರೈಯರ್ ಕತೆ, ಮುಖಕ್ಕೆ ಮುಖ ಕೊಟ್ಟು ಕಿರುಚೋದು. 2003ರ ಫೆಬ್ರವರೀಲಿ ಆರ್ಸೆನಲ್ ವಿರುದ್ಧ ಎಫ್‌ಎ ಕಪ್ ಮ್ಯಾಚ್ ಸೋತ್ಮೇಲೆ ಡ್ರೆಸ್ಸಿಂಗ್ ರೂಮಲ್ಲಿ ಬೂಟ್ ಒದ್ದಿದ್ದು ಹೋಗಿ ಬೆಕಮ್ ಹುಬ್ಬಿಗೆ ಬಿತ್ತು, ಅದೇ ಬೇಸಿಗೇಲಿ ಬೆಕಮ್ ರಿಯಲ್ ಮ್ಯಾಡ್ರಿಡ್‌ಗೆ ಹೋದ್ರು. ಇಷ್ಟು ಎಲ್ರಿಗೂ ಗೊತ್ತು.

ಆದ್ರೆ ಅದೇ ಮನುಷ್ಯ 1987ರಲ್ಲಿ ಗಿಗ್ಸ್ ಅನ್ನೋ ಹುಡುಗನ 14ನೇ ಹುಟ್ಟುಹಬ್ಬದ ದಿನ ತಾನೇ ಅವ್ರ ಮನೆ ಬಾಗಿಲಿಗೆ ಹೋಗಿ ಸೈನ್ ಮಾಡ್ಸಿದ್ದು. ದೊಡ್ಡ ಕ್ಲಬ್ ಮ್ಯಾನೇಜರ್, ಯಾರನ್ನಾದ್ರೂ ಸ್ಕೌಟ್ ಕಳ್ಸಿದ್ರೆ ಸಾಕಿತ್ತು. 1995ರಲ್ಲಿ ಟೀಮಿನ ಸ್ಟಾರ್ ಕ್ಯಾಂಟೊನಾ ಕ್ರಿಸ್ಟಲ್ ಪ್ಯಾಲೇಸ್ ಗ್ರೌಂಡಲ್ಲಿ ಪ್ರೇಕ್ಷಕನಿಗೆ ಒದ್ದು ಬ್ಯಾನ್ ಆಗಿ, ಸಾಕು ಇಂಗ್ಲೆಂಡ್ ಸಹವಾಸ ಅಂತ ಪ್ಯಾರಿಸ್‌ಗೆ ಹೋಗಿ ಕೂತಾಗ ಅಲ್ಲಿವರೆಗೂ ಹೋಗಿ ಮಾತಾಡಿ ವಾಪಸ್ ಕರ್ಕೊಂಡು ಬಂದ್ರು, ಮುಂದಿನ ವರ್ಷ ಲೀಗು ಎಫ್‌ಎ ಕಪ್ಪು ಎರಡೂ ಗೆದ್ರು, ಕಪ್ ಫೈನಲ್ ಗೋಲ್ ಕ್ಯಾಂಟೊನಾದೇ. ಕ್ಯಾಂಟೊನಾ ಮೇಲೆ ಆ ಹೇರ್‌ಡ್ರೈಯರ್ ಬಿಡ್ತಾನೇ ಇರ್ಲಿಲ್ಲ ಅಂತ ಜೊತೆಗೆ ಆಡಿದವ್ರೇ ಹೇಳಿದಾರೆ. ಯಾರಿಗೆ ಕಿರುಚಿದ್ರೆ ಎದ್ದೇಳ್ತಾರೆ, ಯಾರಿಗೆ ಕಿರುಚಿದ್ರೆ ಕುಸಿದ್ಹೋಗ್ತಾರೆ ಅನ್ನೋದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು, ನನ್ನ ಪ್ರಕಾರ ನಿಜವಾದ ಕಸುಬು ಇದೇ. ನಗು ಮುಖ ಇದ್ಯೋ ಇಲ್ವೋ ಆಮೇಲಿನ ಮಾತು.

ನಮ್ಮ ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಶುರುವಿನ ದಿನ ನೆನಪಿಸ್ಕೊಳಿ. 2013ರಲ್ಲಿ ಟೀಮ್ ಹುಟ್ಟಿದ್ದು, ಅಶೋಕನಗರದ ಹಳೇ ಸ್ಟೇಡಿಯಂನಲ್ಲಿ ಆಡಿ ಮೊದಲ್ನೇ ಸೀಸನ್ನಲ್ಲೇ ಆಗಿನ ದೇಶದ ಟಾಪ್ ಲೀಗ್ ಐ-ಲೀಗ್ ಗೆದ್ರು. ಕೋಚ್ ವೆಸ್ಟ್‌ವುಡ್ ಫಿಟ್ನೆಸ್ ವಿಷ್ಯದಲ್ಲಿ, ಊಟದ ವಿಷ್ಯದಲ್ಲಿ ಎಷ್ಟು ಕಟ್ಟುನಿಟ್ಟು ಅಂತ ಆಗ ಫಾಲೋ ಮಾಡ್ತಿದ್ದೋರಿಗೆಲ್ಲ ಗೊತ್ತು. ಆದ್ರೂ ಆ ಹುಡುಗರು ಅವ್ರಿಗೋಸ್ಕರ ಓಡಿದ್ ಓಟ ಗ್ಯಾಲರೀಲಿ ಕೂತು ನೋಡಿದೀನಿ, ಬಲವಂತಕ್ಕೆ ಯಾರೂ ಹಂಗೆ ಓಡಲ್ಲ.

ಹಳೇ_ರೈಟ್‌ಬ್ಯಾಕ್

ನಾನು ಬೆಂಗಳೂರು ಸೂಪರ್ ಡಿವಿಷನ್ ಲೀಗ್ ಆಡಿದೋನು, ಈಗ ಒಂದು ಸಣ್ಣ ಕ್ಲಬ್ಬಿಗೆ ಕೋಚ್. ಮೇಲಿನ ಮಾತು ಸರಿ, ಆದ್ರೆ ಎಲ್ರೂ ಆಡೋ ಹನ್ನೊಂದು ಜನರ ಬಗ್ಗೆನೇ ಮಾತಾಡ್ತಾರೆ, ಕಷ್ಟ ಇರೋದು ಅಲ್ಲಲ್ಲ.

ಪ್ರೀಮಿಯರ್ ಲೀಗ್‌ನಲ್ಲಿ ಸೀನಿಯರ್ ಸ್ಕ್ವಾಡ್ ಲಿಸ್ಟು 25 ಜನರದ್ದು. ಶನಿವಾರ ಸ್ಟಾರ್ಟ್ ಮಾಡೋದು 11. ಅಂದ್ರೆ ಪ್ರತಿ ವಾರ 14 ಜನ ಬೇಜಾರಲ್ಲಿ ಇರ್ತಾರೆ, ಅದೂ ನಾನು ಆಡ್ಬೇಕಿತ್ತು ಅಂತ ಪ್ರಾಮಾಣಿಕವಾಗಿ ನಂಬಿರೋ 14 ಜನ. ಸ್ಟಾರ್ಟ್ ಮಾಡೋರಿಗೆ ಕೋಚ್ ಪ್ರೀತಿ ತೋರಿಸ್ದಿದ್ರೂ ನಡಿಯುತ್ತೆ, ಆಟಾನೇ ಖುಷಿ ಕೊಡುತ್ತೆ. ಟೀಮ್ ಒಡ್ಯೋದು ಯಾವಾಗ್ಲೂ ಬೆಂಚಿಂದ. ಬೆಂಚಲ್ಲಿ ಕೂತೋನು ಪ್ರಾಕ್ಟೀಸಲ್ಲಿ ಅರ್ಧ ಮನಸ್ಸಿಂದ ಓಡ್ದ ಅಂದ್ರೆ ಸ್ಟಾರ್ಟ್ ಮಾಡೋನಿಗೂ ಎದುರಾಳಿ ಸಿಗಲ್ಲ, ಎರಡು ವಾರದಲ್ಲಿ ಎಲ್ಲಾ ಸಪ್ಪೆ.

ಅದಕ್ಕೇ ನಂಗೆ ಕೋಚ್ ಮೊರಿನ್ಯೊ ವಿಷ್ಯದಲ್ಲಿ ಯಾವಾಗ್ಲೂ ನೆನಪಾಗೋದು 2010ರ ಚಾಂಪಿಯನ್ಸ್ ಲೀಗ್ ಫೈನಲ್ ಮುಗಿದ ರಾತ್ರಿ. ಬರ್ನಬೇವುನಲ್ಲಿ ಅವ್ರ ಟೀಮ್ ಇಂಟರ್ ಮಿಲಾನ್ 2-0ಲ್ಲಿ ಬಯರ್ನ್‌ನ ಸೋಲ್ಸಿತ್ತು, ಎರಡೂ ಗೋಲ್ ಮಿಲಿತೊದು. ಸ್ಟೇಡಿಯಂ ಹೊರಗೆ ಮೊರಿನ್ಯೊ ಕಾರ್ ನಿಲ್ಲಿಸಿ ಇಳಿದು ಬಂದು ಗೋಡೆ ಹತ್ರ ನಿಂತಿದ್ದ ಮಾತೆರಾಜ್ಜಿನ ತಬ್ಕೊಂಡು ಇಬ್ರೂ ಅಳ್ತಾರೆ. ವಿಡಿಯೋ ನೋಡಿರ್ತೀರ. ಮಾತೆರಾಜ್ಜಿ ಯಾರು? ಆ ಸೀಸನ್ ಬಹುಪಾಲು ಬೆಂಚಲ್ಲಿ ಕೂತೋನು, ಫೈನಲ್ಲಲ್ಲಿ ಕೊನೇ ಕ್ಷಣಕ್ಕೆ ಇಳಿದೋನು. ಮೊರಿನ್ಯೊ ಎಷ್ಟು ಜನರಿಗೆ ಸಿಡುಕ ಅನ್ಸಿದ್ರೂ, ಆಡಿಸದೇ ಇರೋ ಆಟಗಾರ ಹಂಗೆ ಅತ್ತ ಅಂದ್ರೆ ಒಳಗಡೆ ಅವರಿಬ್ರ ಮಧ್ಯೆ ವರ್ಷವಿಡೀ ಏನೋ ನೇರವಾಗಿ ನಡೆದಿತ್ತು ಅಂತಾನೇ ಅರ್ಥ.

ನಂದೇ ಅನುಭವ ಹೇಳ್ತೀನಿ, ಕ್ಲಬ್ ಹೆಸ್ರು ಬೇಡ. ಒಬ್ರು ಕೋಚ್ ಇದ್ರು, ಸಿಕ್ಕಾಪಟ್ಟೆ ಒಳ್ಳೇ ಮಾತು, ಸಿಕ್ಕಿದಾಗೆಲ್ಲ ಬೆನ್ನು ತಟ್ಟೋರು, ಮನೆಗೆ ಊಟಕ್ಕೆ ಕರೆಯೋರು. ನನ್ನ ಟೀಮಿಂದ ತೆಗ್ದಾಗ ಮಾತ್ರ ಒಂದು ಮಾತು ಹೇಳ್ಲಿಲ್ಲ, ನೋಟಿಸ್ ಬೋರ್ಡಲ್ಲಿ ಹೆಸ್ರು ಇಲ್ದಿದ್ದು ನೋಡಿ ಗೊತ್ತಾಯ್ತು. ಕೇಳಕ್ಕೆ ಹೋದ್ರೆ ನೀನು ನನ್ನ ತಮ್ಮ ಇದ್ದಂಗೆ, ಮುಂದಿನ ವಾರ ನೋಡೋಣ ಅಂದ್ರು. ಮುಂದಿನ ವಾರನೂ ಅದೇ. ಏನ್ ಸರಿ ಮಾಡ್ಕೋಬೇಕು ಅಂತಾನೇ ಗೊತ್ತಿಲ್ದೆ ಪೂರ್ತಿ ಸೀಸನ್ ಹೋಯ್ತು. ಆಮೇಲೆ ಬಂದೋರು ನಗ್ತಾನೇ ಇರ್ಲಿಲ್ಲ. ಆದ್ರೆ ಮ್ಯಾಚ್ ಹಿಂದಿನ ದಿನ ಪಕ್ಕಕ್ಕೆ ಕರ್ದು, ನಾಳೆ ನೀನಿಲ್ಲ, ಅವರ ವಿಂಗರ್ ಒಳಗಡೆ ಕಟ್ ಮಾಡಿದಾಗ ನೀನು ತಪ್ಪು ಕಾಲ್ ಮೇಲೆ ನಿಲ್ತೀಯ, ಮೂರು ಸಲ ನೋಡ್ದೆ, ಪ್ರಾಕ್ಟೀಸ್ ಮುಗಿದ್ಮೇಲೆ ಹದಿನೈದು ನಿಮಿಷ ಇರು, ಅಂತ ಹೇಳಿ ಆ ಹದಿನೈದು ನಿಮಿಷ ತಾವೇ ನಿಂತು ಬಾಲ್ ಹಾಕ್ತಿದ್ರು. ಇವತ್ತಿಗೂ ಯಾರನ್ನ ಗುರುಗಳು ಅಂತೀನಿ ಅಂದ್ರೆ ಆ ಎರಡನೇ ಮನುಷ್ಯನ್ನೇ. ಬೈಸ್ಕೊಂಡಿದ್ದು ಮರ್ತೋಗುತ್ತೆ, ಕತ್ತಲಲ್ಲಿ ಇಟ್ಟಿದ್ದು ಮರ್ಯಲ್ಲ.

ಹುಬ್ಬಳ್ಳಿ_ಮಂದಿ

ನಾ ಹುಬ್ಬಳ್ಳಿಯಾಂವ, ಈಗ ಕೆಲಸಕ್ಕ ಬೆಂಗಳೂರಾಗ ಇದ್ದೀನಿ, ಕಂಠೀರವಕ್ಕ ಮ್ಯಾಚ್ ಇದ್ದಾಗೆಲ್ಲ ಹೋಗ್ತೀನಿ. ನೀವೆಲ್ಲಾ ಇಂಗ್ಲೆಂಡು ಇಟಲಿ ಮಾತಾಡಾಕತ್ತೀರಿ, ನಮ್ಮ ದೇಶದ ದೊಡ್ಡ ಕೋಚ್ ಬಗ್ಗೆ ಯಾರೂ ಹೇಳವಲ್ರಿ.

ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಸಾಹೇಬ್ರು. ಮೂಲತಃ ಶಾಲಿ ಮಾಸ್ತರ್ರು, ಶಿಸ್ತು ಅಂದ್ರ ಶಿಸ್ತು. 1951ರಾಗ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಾಗ ನಾಕನೇ ಸ್ಥಾನ, 1962ರಾಗ ಜಕಾರ್ತಾದಾಗ ಮತ್ತ ಚಿನ್ನ. ಆ ಜಕಾರ್ತಾ ಕತಿ ಕೇಳ್ರಿ. ಜರ್ನೈಲ್ ಸಿಂಗ್ ಡಿಫೆಂಡರ್, ತಲಿಗೆ ಪೆಟ್ಟು ಬಿದ್ದು ಹೊಲಿಗಿ ಹಾಕಿದ್ರು. ಅಂಥಾವನ್ನ ರಹೀಂ ಸಾಹೇಬ್ರು ಸೆಮಿಫೈನಲ್‌ಗೆ ಫಾರ್ವರ್ಡ್ ಮಾಡಿ ಇಳಿಸಿದ್ರು, ಅಂವ ಗೋಲ್ ಹೊಡದಾ, ಫೈನಲ್ಲಾಗ ದಕ್ಷಿಣ ಕೊರಿಯಾ ಮ್ಯಾಲೂ ಹೊಡದಾ, 2-1ಕ್ಕ ಗೆದ್ರು. ಅಷ್ಟೊತ್ತಿಗೆ ಸಾಹೇಬ್ರಿಗೇ ಕ್ಯಾನ್ಸರ್ ಇತ್ತು, ಮುಂದಿನ ವರ್ಷ ಜೂನ್‌ನಾಗ ತೀರಿಕೊಂಡ್ರು. ತಲಿಗೆ ಹೊಲಿಗಿ ಹಾಕಿಸ್ಕೊಂಡ ಮನಷಾ, ತನ್ನ ಜಾಗಾ ಅಲ್ಲದ ಜಾಗಾದಾಗ ಆಡು ಅಂದ್ರ ಹೂಂ ಅಂತಾನಲ್ರಿ, ಅದು ಈ ಮನಷಾ ಹೇಳಿದ್ದು ಸರಿನೇ ಇರ್ತದ ಅನ್ನೋ ಭರೋಸಾ. ಆ ಭರೋಸಾ ನಕ್ಕು ಮಾತಾಡಿದ್ರ ಬರೂದಲ್ಲ, ವರ್ಷಗಟ್ಟಲೆ ಹೇಳಿದಂಗ ನಡಕೊಂಡ್ರ ಬರ್ತದ.

ಇನ್ನೊಂದ್ ಮಾತು. ನಮ್ಮ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಟೀಮಿನ ಡ್ರೆಸ್ಸಿಂಗ್ ರೂಮ್ ಅಂದ್ರ ಮಿಜೋರಾಂ, ಮಣಿಪುರ, ಕೇರಳ, ಬಂಗಾಳ, ಪಂಜಾಬ್, ಗೋವಾ, ಅದರ ಮ್ಯಾಲೆ ಸ್ಪೇನ್ ಬ್ರೆಜಿಲ್ ಮಂದಿ. ಹೆಡ್ ಕೋಚ್ ಭಾಳ ಸಲ ಪರದೇಶದಾಂವ. ಅಂವ ಎಷ್ಟ ಪ್ರೀತಿ ಮನಷಾ ಇದ್ರೂ ಐಜ್ವಾಲ್ ಹುಡುಗಗ ಅದು ಮುಟ್ಟೋದು ಹೆಂಗ? ಅಲ್ಲಿ ಅಸಿಸ್ಟೆಂಟ್ ಕೋಚು, ಫಿಸಿಯೋ, ಸೀನಿಯರ್ ಆಟಗಾರ್ರು, ಇವ್ರ ಕೆಲಸ ಭಾಳ ದೊಡ್ಡದು. ಇಂಗ್ಲೆಂಡಿನ ಕೋಚ್ ಬ್ರಯನ್ ಕ್ಲಫ್ ನೋಡ್ರಿ, 1974ರಾಗ ಲೀಡ್ಸ್‌ಗೆ ಒಬ್ಬನೇ ಹ್ವಾದಾ, ಜೊತಿಗಾರ ಪೀಟರ್ ಟೇಲರ್ ಬರ್ಲಿಲ್ಲ, 44 ದಿನಕ್ಕ ಹೊರಗ ಬಿದ್ದಾ. ಮುಂದ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಾಗ ಟೇಲರ್ ಜೊತಿಗೆ ಕೂಡಿ 1979, 1980 ಎರಡೂ ಸಲ ಯುರೋಪಿಯನ್ ಕಪ್. ಮನಷಾ ಅವನೇ, ಸ್ವಭಾವ ಅದೇ, ಜೊತಿಗೆ ಯಾರಿದ್ರು ಅನ್ನೋದಷ್ಟ ಬ್ಯಾರೆ. ಆಸ್ಟಿನ್ ಟೌನ್ ತಮ್ಮಾ, ನಿನಗ ಮಾತು ಬರಂಗಿಲ್ಲ ಅಂದ್ರ ಮಾತು ಬರೂ ಅಸಿಸ್ಟೆಂಟ್‌ನ ಹುಡಿಕ್ಯೋ, ಅದೇನ್ ಕಮ್ಮಿ ಅಲ್ಲ.

ಹಲಸೂರು_ಕೆರೆ

ನಾನು ಸ್ವಲ್ಪ ಉಲ್ಟಾ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನೀವೆಲ್ಲ ಹೇಳಿರೋ ಗಡುಸು ಕೋಚ್‌ಗಳು ಬಹಳಷ್ಟು ಹಳೇ ಕಾಲದೋರು. ಆಗ ಆಟಗಾರನಿಗೆ ಕ್ಲಬ್ ಬಿಟ್ಟು ಹೋಗೋದೇ ಕಷ್ಟ ಇತ್ತು, ಯುರೋಪ್‌ನಲ್ಲಿ 1995ರ ಬಾಸ್ಮನ್ ತೀರ್ಪು ಬಂದ್ಮೇಲೆ ಕಾಂಟ್ರಾಕ್ಟ್ ಮುಗೀತು ಅಂದ್ರೆ ಫ್ರೀಯಾಗಿ ಹೋಗ್ಬೋದು. ಇವತ್ತು ಸ್ಟಾರ್ ಆಟಗಾರನ ಸಂಬಳ ಕೋಚ್‌ಗಿಂತ ಜಾಸ್ತಿ, ಆಟಗಾರನ ಬೆಲೆ ಕ್ಲಬ್ಬಿನ ಆಸ್ತಿ ಲೆಕ್ಕ. ಜಗಳ ಆದ್ರೆ ಮಾಲೀಕರು ಯಾರನ್ನ ಕಳಿಸ್ತಾರೆ ಹೇಳಿ? ಮೊರಿನ್ಯೊ ಹೆಸ್ರು ಬಂತಲ್ಲ, 2015ರ ಮೇನಲ್ಲಿ ಚೆಲ್ಸಿಗೆ ಲೀಗ್ ಗೆಲ್ಸಿದ್ರು, ಅದೇ ಡಿಸೆಂಬರಲ್ಲಿ ಟೀಮ್ 16ನೇ ಜಾಗದಲ್ಲಿ, ಕೆಲಸ ಹೋಯ್ತು. ಆಟಗಾರರು ಏನೂ ಏಳು ತಿಂಗಳಲ್ಲಿ ಆಡೋದು ಮರ್ತಿರ್ಲಿಲ್ಲ. ಜರ್ಮನಿ ಕೋಚ್ ಮಾಗಾತ್ 2009ರಲ್ಲಿ ವೂಲ್ಫ್ಸ್‌ಬರ್ಗ್‌ಗೆ ಅಲ್ಲಿನ ಟಾಪ್ ಲೀಗ್ ಬುಂಡೆಸ್ಲಿಗಾ ಗೆಲ್ಸಿದ್ದು ಮೆಡಿಸಿನ್ ಬಾಲ್ ಹೊರ್ಸಿ, ಬೆಟ್ಟ ಹತ್ತಿಸಿ, ಎಲ್ರೂ ಭೇಷ್ ಅಂದ್ರು. 2014ರಲ್ಲಿ ಇಂಗ್ಲೆಂಡಿನ ಫುಲಂಗೆ ಬಂದಾಗ ಅದೇ ರೀತಿ ನಡೀಲಿಲ್ಲ, ಟೀಮ್ ಕೆಳಗಿನ ಡಿವಿಷನ್‌ಗೆ ಇಳೀತು. ಹೆದರಿಕೆಯಿಂದ ಒಂದು ಎರಡು ಸೀಸನ್ ಎಳೀಬೋದು, ಅಷ್ಟೇ.

ಇನ್ನೊಂದು, ನಾನೇ ಗ್ಯಾಲರೀಲಿ ಇದ್ದೆ, 2023ರ ಸ್ಯಾಫ್ (ದಕ್ಷಿಣ ಏಷ್ಯಾ) ಟೂರ್ನಿ ನಮ್ಮ ಕಂಠೀರವದಲ್ಲೇ ಆಯ್ತಲ್ಲ. ಮೊದಲ್ನೇ ಮ್ಯಾಚಲ್ಲೇ ಪಾಕಿಸ್ತಾನದ ಆಟಗಾರ ಥ್ರೋ ಹಾಕೋಕೆ ಹೋದಾಗ ಆಗಿನ ಇಂಡಿಯಾ ಕೋಚ್ ಸ್ಟಿಮಾಚ್ ಹೋಗಿ ಬಾಲ್ ತಟ್ಟಿ ರೆಡ್ ಕಾರ್ಡ್ ತಗೊಂಡ್ರು, ನಾವು 4-0 ಗೆದ್ವಿ, ಛೆಟ್ರಿ ಹ್ಯಾಟ್ರಿಕ್. ಆಮೇಲೆ ಕುವೈತ್ ಜೊತೆ 1-1 ಆದ ಮ್ಯಾಚಲ್ಲಿ ಮತ್ತೆ ರೆಡ್. ಟೀವೀಲಿ ಎಲ್ರೂ ಬೈದ್ರು. ಆದ್ರೆ ಸ್ಟ್ಯಾಂಡಲ್ಲಿ ಕೂತು ನೋಡಿದ್ರೆ ಗೊತ್ತಾಗ್ತಿತ್ತು, ನಮ್ಮ ಪರ ಒಬ್ಬ ಕಾದಾಡೋನು ಇದಾನೆ ಅನ್ನೋದು ಆ ಹುಡುಗರ ಆಟದಲ್ಲಿ ಕಾಣ್ತಿತ್ತು. ಹಂಗೆ ಎದುರಿಗೆ ಕಾಣೋ ಪ್ರೀತಿಗೆ ಬೆಲೆ ಇದೆ ಅಂತ ನಂಗನ್ಸುತ್ತೆ.

ಕಂಠೀರವ_ಗ್ಯಾಲರಿ

ಹಲಸೂರು ಅವ್ರೇ, ಆ ಟೂರ್ನಿ ಕತೆ ಪೂರ್ತಿ ಹೇಳಿ. ಎರಡನೇ ರೆಡ್ ಆದ್ಮೇಲೆ ಸ್ಟಿಮಾಚ್ ಬ್ಯಾನು, ಸೆಮಿಫೈನಲ್ಲು ಫೈನಲ್ಲು ಎರಡಕ್ಕೂ ಟಚ್‌ಲೈನಲ್ಲಿ ನಿಂತಿದ್ದು ಅಸಿಸ್ಟೆಂಟ್ ಮಹೇಶ್ ಗಾವ್ಳಿ. ಲೆಬನಾನ್ ಮೇಲೂ ಪೆನಾಲ್ಟಿ, ಕುವೈತ್ ಮೇಲೂ ಪೆನಾಲ್ಟಿ, ಫೈನಲ್ಲಲ್ಲಿ ಗೋಲ್‌ಕೀಪರ್ ಗುರ್‌ಪ್ರೀತ್ ಕೊನೇ ಕಿಕ್ ಹಿಡಿದು 5-4. ಆ ಒತ್ತಡದ ಹೊತ್ತಲ್ಲಿ ಪಕ್ಕದಲ್ಲಿ ಇದ್ದಿದ್ದು ಶಾಂತವಾಗಿ ನಿಂತಿದ್ದ ಮಾಜಿ ಡಿಫೆಂಡರ್ ಒಬ್ರು. ಸ್ಟಿಮಾಚ್ ಕಾದಾಡಿದ್ದು ತಪ್ಪು ಅಂತಿಲ್ಲ, ಆದ್ರೆ ನಾಕೌಟ್ ಮ್ಯಾಚ್‌ಗೆ ಟೀಮಿಗೆ ತಾನೇ ಸಿಗದಂಗೆ ಮಾಡ್ಕೊಂಡಿದ್ದೂ ಅದೇ ಬಿಸಿ ರಕ್ತ.

ಹಳೇ_ರೈಟ್‌ಬ್ಯಾಕ್

ಹಲಸೂರು ಹೇಳಿದ್ರಲ್ಲಿ ಒಂದು ಒಪ್ತೀನಿ, ಬರೀ ಹೆದರಿಕೆ ಇವತ್ತು ನಡ್ಯಲ್ಲ. ಆದ್ರೆ ಬರೀ ಒಳ್ಳೇತನನೂ ನಡ್ಯಲ್ಲ. ಅಂಚೆಲೊಟ್ಟಿಗಿಂತ ಸಮಾಧಾನದ ಕೋಚ್ ಯಾರಿದಾರೆ? ಐದು ಚಾಂಪಿಯನ್ಸ್ ಲೀಗ್, ಯುರೋಪಿನ ಐದು ದೊಡ್ಡ ಲೀಗೂ ಗೆದ್ದಿರೋ ಒಬ್ಬನೇ ಕೋಚು. ಅಂಥೋರನ್ನೇ 2017ರಲ್ಲಿ ಬಯರ್ನ್ ಸೆಪ್ಟೆಂಬರ್ ಮುಗಿಯೋ ಮುಂಚೆ ಮನೆಗೆ ಕಳಿಸ್ತು, ಟ್ರೇನಿಂಗ್ ಸಾಲ್ತಿಲ್ಲ ಅಂತ ಆಟಗಾರರೇ ಗೊಣಗ್ತಿದ್ರು ಅಂತ ಆಗ ಜರ್ಮನಿ ಪೇಪರ್‌ಗಳಲ್ಲಿ ಬಂತು. ಸಂಬಳ ತಗೊಂಡು ಆಡೋನು ಕೋಚ್ ಹತ್ರ ಮೊದ್ಲು ಕೇಳೋದು ನನ್ನ ಆಟ ಉತ್ತಮ ಮಾಡ್ತೀಯಾ ಅಂತ. ಅವನಿಗೆ ಇರೋದು ಹತ್ತು ಹನ್ನೆರಡು ವರ್ಷದ ಕರಿಯರ್ರು, ಅದ್ರಲ್ಲಿ ಒಂದು ವರ್ಷ ಹಾಳಾದ್ರೆ ವಾಪಸ್ ಬರಲ್ಲ. ಈ ಭಯ ಗೊತ್ತಿರೋ ಕೋಚ್ ಎಷ್ಟೇ ಗಂಟು ಮುಖ ಹಾಕಿದ್ರೂ ಆಟಗಾರ ಸಹಿಸ್ತಾನೆ.

ಗ್ವಾರ್ಡಿಯೊಲಾ ವಿಷ್ಯನೇ ನೋಡಿ. 2009ರಲ್ಲಿ ಅವ್ರು ಕೋಚ್ ಆಗಿದ್ದ ಬಾರ್ಸಿಲೋನಾಗೆ ಇಬ್ರಾಹಿಮೊವಿಚ್‌ನ ಭಾರೀ ದುಡ್ಡು ಕೊಟ್ಟು ತಂದ್ರು, ಒಂದೇ ವರ್ಷಕ್ಕೆ ಮಿಲಾನ್‌ಗೆ ಹೋದ. ಆಮೇಲೆ ಅವ್ನು ಹೋದಲ್ಲೆಲ್ಲ ಹೇಳಿದ್ದು ಕೋಚ್ ನನ್ನ ಜೊತೆ ಮಾತೇ ಆಡ್ತಿರ್ಲಿಲ್ಲ ಅಂತಾನೇ. ಟೀಮ್ ಆ ವರ್ಷನೂ ಲೀಗ್ ಗೆದ್ದಿತ್ತು. ಅಂದ್ರೆ ಗ್ವಾರ್ಡಿಯೊಲಾ ಥರದ ತಲೆ ಇದ್ದೋರಿಗೆ ಆ ಮೌನದ ಬೆಲೆ ಒಬ್ಬ ಆಟಗಾರ, ಅಷ್ಟೇ. ನಮ್ಮಂಥೋರಿಗೆ ಅದೇ ಮೌನಕ್ಕೆ ಪೂರ್ತಿ ಟೀಮೇ ಹೋಗುತ್ತೆ, ಯಾಕಂದ್ರೆ ನಮ್ಮ ಹತ್ರ ಮೆಸ್ಸಿ ಇಲ್ಲ.

ಆಸ್ಟಿನ್‌ಟೌನ್_ಹುಡ್ಗ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಬರೀತೀರ ಅಂದ್ಕೊಂಡಿರ್ಲಿಲ್ಲ. ರೈಟ್‌ಬ್ಯಾಕ್ ಸರ್, ಒಂದೇ ಕೇಳ್ತೀನಿ. ನೇರವಾಗಿ ಹೇಳ್ಬೇಕು ಅಂತೀರಲ್ಲ, ಸರಿ. ಆದ್ರೆ ಹದಿನೆಂಟು ಹತ್ತೊಂಬತ್ತು ವಯಸ್ಸಿನ ಹುಡುಗ, ಮನೇಲಿ ಫುಟ್ಬಾಲ್ ಬಿಟ್ಟು ಕೆಲಸ ನೋಡ್ಕೋ ಅಂತಿದಾರೆ, ಅಂಥೋನಿಗೆ ನಾಳೆ ನೀನಿಲ್ಲ ಅಂತ ಹೇಗೆ ಹೇಳೋದು? ನನ್ನಂಥ ಮಾತು ಕಮ್ಮಿ ಇರೋನು ಹೇಳಿದ್ರೆ ಅದು ಇನ್ನೂ ಕಲ್ಲು ಎತ್ತಿ ಹಾಕಿದಂಗೆ ಆಗಲ್ವಾ?

ಹಳೇ_ರೈಟ್‌ಬ್ಯಾಕ್

ಮಾತು ಕಮ್ಮಿ ಇರೋದು ಇಲ್ಲಿ ಅನುಕೂಲಾನೇ. ಉದ್ದ ಭಾಷಣ ಮಾಡೋರು ಕೊನೆಗೆ ಸುಳ್ಳು ಭರವಸೆ ಕೊಟ್ಟುಬಿಡ್ತಾರೆ, ಮುಂದಿನ ವಾರ ಖಂಡಿತ ಅಂತ. ಅದನ್ನ ಮಾತ್ರ ಮಾಡ್ಬೇಡಿ.

ನಾನು ಮಾಡೋದು ಹೇಳ್ತೀನಿ, ಬೇಕಾದ್ದು ತಗೊಳಿ. ಟೀಮ್ ಶೀಟ್ ಎಲ್ರಿಗೂ ಕಾಣೋ ಮುಂಚೆ ಅವನಿಗೆ ಒಬ್ನಿಗೇ ಹೇಳ್ತೀನಿ, ಬೇರೆಯವ್ರ ಎದುರಿಗೆ ಯಾವತ್ತೂ ಇಲ್ಲ. ಕಾರಣ ಒಂದೇ ಹೇಳ್ತೀನಿ, ನಾಲ್ಕು ಕಾರಣ ಹೇಳಿದ್ರೆ ಅವ್ನಿಗೆ ನಾನು ಯಾವುದಕ್ಕೂ ಲಾಯಕ್ಕಿಲ್ಲ ಅನ್ಸುತ್ತೆ. ಆ ಕಾರಣ ಅವ್ನ ಕೈಲಿ ಸರಿ ಮಾಡೋಕೆ ಆಗೋದು ಇರ್ಬೇಕು. ಎದುರು ಟೀಮ್ ಎತ್ತರ ಇದೆ, ನೀನು ಕುಳ್ಳ ಅನ್ನೋದಾದ್ರೆ ಅದನ್ನೂ ಹಂಗೇ ಹೇಳ್ತೀನಿ, ಈ ಮ್ಯಾಚಿಗೆ ಮಾತ್ರ, ನಿನ್ನ ತಪ್ಪೇನಿಲ್ಲ ಅಂತ. ಅವ್ನು ಸಿಟ್ಟಾದ್ರೆ ಆಗ್ಲಿ, ಬೂಟ್ ಎತ್ಕೊಂಡು ಹೋದ್ರೂ ತಡ್ಯಲ್ಲ, ಸಿಟ್ಟಾಗ್ದಿರೋ ಹುಡುಗನ ಬಗ್ಗೆನೇ ನಂಗೆ ಜಾಸ್ತಿ ಚಿಂತೆ. ಮ್ಯಾಚ್ ಆದ ಮಾರನೇ ದಿನ ಆಡ್ದೋರಿಗೆ ರಿಕವರಿ ಇರುತ್ತಲ್ಲ, ಆವತ್ತು ಆಡದೇ ಇರೋರ ಸೆಷನ್ನಲ್ಲಿ ನಾನೇ ಇರ್ತೀನಿ, ಅಸಿಸ್ಟೆಂಟ್‌ಗೆ ಬಿಟ್ಟು ಮನೆಗೆ ಹೋಗಲ್ಲ. ಆ ಸೆಷನ್ನಲ್ಲಿ ಕೋಚ್ ಇದ್ರಾ ಇಲ್ವಾ ಅಂತ ಬೆಂಚಿನ ಹುಡುಗರು ಲೆಕ್ಕ ಇಟ್ಕೊಂಡಿರ್ತಾರೆ.

ಮನೆ ಕಷ್ಟದ ವಿಷ್ಯ, ಅದು ನೀವು ಕೇಳೋವರೆಗೂ ಹುಡುಗ ಹೇಳಲ್ಲ. ಕೇಳೋಕೆ ಮಾತುಗಾರ ಆಗ್ಬೇಕಿಲ್ಲ. ಎಲ್ಲಿಂದ ಬರ್ತೀಯ, ಯಾವ ಬಸ್ಸು, ತಿಂಡಿ ತಿಂದ್ಯಾ, ಇಷ್ಟು ಸಾಕು, ಎರಡು ಬಸ್ ಬದಲಾಯಿಸಿ ಖಾಲಿ ಹೊಟ್ಟೇಲಿ ಬಂದೋನು ಮೂವತ್ತು ನಿಮಿಷ ಆದ್ಮೇಲೆ ಯಾಕೆ ನಿಧಾನ ಆಗ್ತಾನೆ ಅಂತ ನಿಮಗೇ ಗೊತ್ತಾಗುತ್ತೆ.

ಸಿ ಲೈಸೆನ್ಸ್ ಮಾಡಿ, ಖಂಡಿತ ಮಾಡಿ. ಆದ್ರೆ ಜೊತೆಗೆ ಯಾವುದಾದ್ರೂ ಸೀನಿಯರ್ ಟೀಮಲ್ಲಿ ಅಸಿಸ್ಟೆಂಟ್ ಆಗಿ ಒಂದು ಸೀಸನ್ ನಿಂತ್ಕೊಳಿ, ದುಡ್ಡು ಸಿಗ್ದಿದ್ರೂ ಪರ್ವಾಗಿಲ್ಲ, ಆ ಬೆಂಚ್ ಪಕ್ಕ ಕೂತು ನೋಡ್ದೆ ಇದ್ಯಾವುದೂ ತಲೆಗೆ ಹೋಗಲ್ಲ. ನಮ್ಮ ಕ್ಲಬ್ಬಲ್ಲೇ ಜಾಗ ಇದೆ, ಬರೋ ಸೀಸನ್‌ಗೆ ಒಬ್ರು ಬೇಕಾಗಿದಾರೆ. ಮೆಸೇಜ್ ಹಾಕಿ, ಒಂದು ದಿನ ಪ್ರಾಕ್ಟೀಸ್‌ಗೆ ಬನ್ನಿ, ನೋಡೋಣ.